ಹೆಲ್ಮೆಟ್ಟಿನೊಳಗಿನ ಥರ್ಮಾಕೋಲು

ವಾಯುಪಡೆಯ ಸೇಫ್ಟಿ ಇಕ್ವಿಪ್‌ಮೆಂಟ್ ಸೆಕ್ಷನ್ನಿನಲ್ಲಿ ಪೈಲಟ್‌ಗಳ ಹೆಲ್ಮೆಟ್, ಆಕ್ಸಿಜನ್ ಮಾಸ್ಕ್, ಜಿ-ಸೂಟ್ (ಜೋರು ತಿರುವಿನಲ್ಲಿ ರಕ್ತ ಕಾಲಿಗಿಳಿಯದಂತೆ ಬಿಗಿಯುವ ಉಡುಪು) ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅದರಲ್ಲಿ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಹೆಲ್ಮೆಟ್ ಫಿಟ್ಟಿಂಗಿಗೆ.

ಹಾಕ್ ವಿಮಾನದಲ್ಲಿ ತರಬೇತಿ ಪಡೆಯುತ್ತಿದ್ದ ಹುಡುಗನೊಬ್ಬ ಒಂದು ದಿನ ಮಾಸ್ಕ್ ಲೀಕ್ ಆಗ್ತಿದೆ ಎಂದು ಬಂದ. ಹೆಲ್ಮೆಟ್ ತಿರುಗಿಸಿ ಒಳಗಿನ ಮೆತ್ತೆ ತೆಗೆದೆ. ಹಣೆಯ ಜಾಗದಲ್ಲಿ ಥರ್ಮಾಕೋಲು ರೂಪಾಯಿ ನಾಣ್ಯದಷ್ಟಗಲ ತಗ್ಗಾಗಿತ್ತು. ಕೇಳಿದರೆ, ಚಮಚದ ಬೆನ್ನಿನಿಂದ ತಾನೇ ಒತ್ತಿದ್ದಂತೆ. ಅರ್ಧ ಗಂಟೆ ಹಾಕಿದರೆ ಅಲ್ಲಿ ಉರಿ ಶುರುವಾಗಿ ತಲೆ ಸಿಡಿಯುತ್ತಿತ್ತಂತೆ. ಅವನ ನೋವು ಸುಳ್ಳಲ್ಲ. ಹಣೆ ಮೇಲೆ ಕೆಂಪು ಗುರುತು ಇನ್ನೂ ಇತ್ತು.

ಆದರೆ ತಲೆ ಉಳಿಸುವುದೇ ಆ ಥರ್ಮಾಕೋಲು. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗುತ್ತದೆ. ಹಾಗಾಗಿಯೇ ತಲೆ ಗಕ್ಕನೆ ನಿಲ್ಲದೆ ಸ್ವಲ್ಪ ದೂರ ಸರಿದು ನಿಲ್ಲುತ್ತದೆ, ಮಿದುಳಿಗೆ ಏಟು ಕಡಿಮೆಯಾಗುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಚಮಚ ಒತ್ತಿದ ಜಾಗದ ಶಕ್ತಿ ಆಗಲೇ ಖರ್ಚಾಗಿತ್ತು, ಅಲ್ವಾ?

ಲೈನರ್, ಅಂದರೆ ಆ ಥರ್ಮಾಕೋಲಿನ ಒಳಪದರ, ಹೊಸದು ಹಾಕಿದೆ. ಆಮೇಲೆ ಮುಟ್ಟಿದ್ದು ಮೆತ್ತೆಗಳನ್ನು ಮಾತ್ರ. ಹಣೆಯದನ್ನು ತೆಳುವಾಗಿಸಿ, ಪಕ್ಕದವನ್ನು ದಪ್ಪ ಮಾಡಿ, ಕುತ್ತಿಗೆ ಹಿಂದಿನ ಪಟ್ಟಿ ಬಿಗಿದೆ. ಲೀಕಿನ ಮೂಲ ಆ ಪಟ್ಟಿಯಲ್ಲೇ ಇತ್ತು. ಹೆಲ್ಮೆಟ್, ಮಾಸ್ಕ್ ಸೇರಿ ಒಂದೂವರೆ ಕೆಜಿ ಎಂದಿಟ್ಟುಕೊಳ್ಳಿ, 6 ಜಿ ತಿರುವಿನಲ್ಲಿ, ಅಂದರೆ ತೂಕ ಆರು ಪಟ್ಟಾಗುವ ತಿರುವಿನಲ್ಲಿ, ಅದು 9 ಕೆಜಿ. ಭಾರವೆಲ್ಲ ಮುಂದೆ. ಪಟ್ಟಿ ಸಡಿಲವಿದ್ದರೆ ಹೆಲ್ಮೆಟ್ ಹುಬ್ಬಿನ ಮೇಲೆ ಜಾರುತ್ತದೆ, ಮಾಸ್ಕ್ ಮೂಗಿನಿಂದ ಕೆಳಗಿಳಿಯುತ್ತದೆ. ಇಜೆಕ್ಷನ್ ಆದರಂತೂ, ಅಂದರೆ ಸೀಟು ಸಮೇತ ವಿಮಾನದಿಂದ ಹೊರಗೆ ಚಿಮ್ಮಿದರಂತೂ, ಗಾಳಿ ಅಂಚಿನಡಿ ನುಗ್ಗಿ ಸಡಿಲ ಹೆಲ್ಮೆಟ್ಟನ್ನು ಕಿತ್ತೇ ಒಯ್ಯಬಹುದು. ಪ್ಯಾರಾಚೂಟಿನಲ್ಲಿ ಕಲ್ಲುನೆಲಕ್ಕೆ ಇಳಿಯುವಾಗ ಬರೀ ತಲೆ.

ನಾನು ನೋಡುವ ರೀತಿ ಸುಲಭ. ಹೆಲ್ಮೆಟ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಬರಬೇಕು. ಹಿಂದಿನ ಅಂಚಿಗೆ ಬೆರಳು ಹಾಕಿ ಮುಂದಕ್ಕೆ ಎತ್ತಿದರೆ ಮಗುಚಬಾರದು. ಇಷ್ಟಕ್ಕೇ ಬಿಡಬಾರದು. ಐದು ನಿಮಿಷಕ್ಕೆ ಎಲ್ಲ ಹೆಲ್ಮೆಟ್ಟೂ ಚೆನ್ನಾಗೇ ಇರುತ್ತದೆ. ಅವನನ್ನು ಮಾಸ್ಕ್ ಸಮೇತ ಅರ್ಧ ಗಂಟೆ ಸುಮ್ನೆ ಕೂರಿಸಿದೆ. ಎರಡು ಸಲ ಮೆತ್ತೆ ಬದಲಿಸಬೇಕಾಯಿತು. ಕಟಿಂಗ್ ಮಾಡಿಸಿದ ಮೇಲೆ ಮತ್ತೆ ಬಾ ಎಂದೂ ಹೇಳಿದೆ, ಕೂದಲು ಕಡಿಮೆಯಾದರೂ ಫಿಟ್ ಬದಲಾಗುತ್ತದೆ.

ಮರುದಿನ ಹಾರಾಟ ಮುಗಿಸಿ ನೇರ ನನ್ನ ಹತ್ತಿರ ಬಂದ. ಹೆಲ್ಮೆಟ್ ತೆಗೆಸಿ ಹಣೆ ನೋಡಿದೆ. ಗುರುತು ಒಂದೇ ಕಡೆ ಇರಲಿಲ್ಲ. ತಲೆ ಸುತ್ತ ತೆಳ್ಳಗೆ, ಸಮನಾಗಿ ಹರಡಿತ್ತು.