ಅಂಗಡಿ, ಛತ್ರ, ಆಫೀಸಿನ ಎಸಿ ಇನ್ನೆಷ್ಟು ವರ್ಷ ನಡೆಯುತ್ತದೆ? ಅಂದಾಜು ಮಾಡುವುದು ಹೀಗೆ

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಬಟ್ಟೆ ಅಂಗಡಿಯ ಎಸಿ ನಿಂತುಹೋದರೆ ಚೌಕಾಸಿಗೆ ಪುರುಸೊತ್ತೇ ಇರುವುದಿಲ್ಲ. ಸಿಕ್ಕ ಮಷೀನು, ಹೇಳಿದ ಬೆಲೆ. ಹಾಗಾಗಬಾರದು ಅಂದರೆ ಮಷೀನಿಗೆ ಇನ್ನೆಷ್ಟು ಆಯಸ್ಸಿದೆ ಎಂದು ಮುಂಚೆಯೇ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಅದಕ್ಕೆ ಒಂದು ನೋಟ್‌ಬುಕ್, ಒಂದು ಥರ್ಮಾಮೀಟರ್, ಕೇಳಿದ್ದಕ್ಕೆ ಬಿಡಿಸಿ ಹೇಳುವ ಒಬ್ಬ ಮೆಕ್ಯಾನಿಕ್ ಸಾಕು.

ಮೊದಲು ನೇಮ್ ಪ್ಲೇಟ್ ಓದಿ

ಹೊರಗಿನ ಯೂನಿಟ್‌ಗೆ ಅಂಟಿಸಿರುವ ಪ್ಲೇಟ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಮಾಡೆಲ್, ಸೀರಿಯಲ್ ನಂಬರ್, ಗ್ಯಾಸ್ ಯಾವುದು, ಎಷ್ಟು ಆಂಪಿಯರ್ ಕರೆಂಟ್ ಎಳೆಯಬೇಕು ಎಂಬುದು ಅದರಲ್ಲಿರುತ್ತದೆ. ತಯಾರಾದ ವರ್ಷ ಕಾಣದಿದ್ದರೆ ಸೀರಿಯಲ್ ನಂಬರ್ ಹೇಳಿ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ.

ಅಮೆರಿಕದ ಇಂಜಿನಿಯರುಗಳ ಸಂಸ್ಥೆ ಆಶ್ರೇ ಕೊಟ್ಟಿರುವ ಹಳೆಯ ಪಟ್ಟಿಯೊಂದನ್ನು ಈಗಲೂ ಎಲ್ಲರೂ ಬಳಸುತ್ತಾರೆ. ಅದರ ಪ್ರಕಾರ ಕಿಟಕಿ ಎಸಿಗೆ 10 ವರ್ಷ, ಎಲ್ಲ ಭಾಗಗಳೂ ಒಂದೇ ದೊಡ್ಡ ಪೆಟ್ಟಿಗೆಯಲ್ಲಿರುವ ಪ್ಯಾಕೇಜ್ ಯೂನಿಟ್‌ಗೆ 15, ನೀರನ್ನು ತಣ್ಣಗಾಗಿಸಿ ದೊಡ್ಡ ಕಟ್ಟಡವನ್ನು ತಂಪು ಮಾಡುವ ಸೆಂಟ್ರಿಫ್ಯೂಗಲ್ ಚಿಲ್ಲರ್‌ಗೆ 23. ಇವು ನಡುವಿನ ಸಂಖ್ಯೆಗಳು. ಅರ್ಧದಷ್ಟು ಮಷೀನುಗಳು ಇದಕ್ಕೂ ಮೊದಲೇ ಕೈಕೊಟ್ಟಿರುತ್ತವೆ. ಅದೂ ಅಲ್ಲದೆ ಅದು ಅಲ್ಲಿನ ಹವೆ, ಅಲ್ಲಿನ ಕರೆಂಟಿನ ಲೆಕ್ಕ. ನಾವು ಅದನ್ನು ಶುರುವಿನ ಅಂದಾಜು ಎಂದಷ್ಟೇ ಇಟ್ಟುಕೊಳ್ಳೋಣ.

ಪ್ಲೇಟ್ ಮೇಲೆ ಆರ್-22 ಎಂದಿದ್ದರೆ ಅದಕ್ಕೊಂದು ಗುರುತು ಹಾಕಿ. ಓಜೋನ್ ಪದರಕ್ಕೆ ಹಾನಿ ಮಾಡುವ ಈ ಗ್ಯಾಸ್ ತುಂಬಿದ ಹೊಸ ಎಸಿಗಳ ತಯಾರಿಕೆ ಭಾರತದಲ್ಲಿ 2025ರ ಜನವರಿಯಿಂದ ನಿಂತಿದೆ. 2030ರ ನಂತರ ಹಳೆಯ ಮಷೀನುಗಳ ರಿಪೇರಿಗೂ ತೀರಾ ಕಡಿಮೆ ಗ್ಯಾಸ್ ಸಿಗುತ್ತದೆ. ‘ಅದರ ಬದಲು ಆರ್-410ಎ ಗ್ಯಾಸ್ ತುಂಬಿಸಿದರಾಯ್ತು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದರ ಒತ್ತಡ ಸುಮಾರು ಒಂದೂವರೆ ಪಟ್ಟಿಗಿಂತ ಜಾಸ್ತಿ. ಗ್ಯಾಸನ್ನು ಒತ್ತುವ ಹಳೆಯ ಕಂಪ್ರೆಸರ್, ಗ್ಯಾಸ್ ಹರಿಯುವ ಸುರುಳಿ ಪೈಪಿನ ಕಾಯಿಲ್ ಅದಕ್ಕಾಗಿ ಮಾಡಿದ್ದಲ್ಲ.

ವರ್ಷ ಬಿಡಿ, ಗಂಟೆ ಎಣಿಸಿ

ನನ್ನ ಪ್ರಕಾರ ಇಡೀ ಲೆಕ್ಕದ ಜೀವ ಇರುವುದು ಇಲ್ಲೇ. ಹಳೆ ಕಾರು ಕೊಳ್ಳುವಾಗ ಕಿಲೋಮೀಟರ್ ನೋಡುತ್ತೇವಲ್ಲ, ಹಾಗೆ ಎಸಿಗೆ ಓಡಿದ ಗಂಟೆ ನೋಡಬೇಕು. ಎಂಟು ವರ್ಷದ ಮೂರು ಮಷೀನು ತೆಗೆದುಕೊಳ್ಳಿ. ಒಂದು ಕಲ್ಯಾಣ ಮಂಟಪದಲ್ಲಿದೆ. ವರ್ಷಕ್ಕೆ 60 ದಿನ, ದಿನಕ್ಕೆ 12 ಗಂಟೆ ಓಡಿದರೂ ಒಟ್ಟು 6 ಸಾವಿರ ಗಂಟೆ ದಾಟುವುದಿಲ್ಲ. ಬಟ್ಟೆ ಅಂಗಡಿಯದ್ದು ದಿನಕ್ಕೆ 11 ಗಂಟೆಯಂತೆ 30 ಸಾವಿರ ದಾಟಿರುತ್ತದೆ. ಬ್ಯಾಂಕಿನ ಸರ್ವರ್ ರೂಮಿನದ್ದು ಹಗಲು ರಾತ್ರಿ ಓಡಿ 70 ಸಾವಿರ. ಮೂರಕ್ಕೂ ಒಂದೇ ವಯಸ್ಸು ಅನ್ನೋಕಾಗುತ್ತಾ? ಬಹಳಷ್ಟು ವಿಆರ್‌ಎಫ್ (ಹೊರಗಿನ ಒಂದೇ ಯೂನಿಟ್‌ನಿಂದ ಹಲವು ಕೋಣೆ ತಂಪು ಮಾಡುವ ಎಸಿ) ಮತ್ತು ಚಿಲ್ಲರ್‌ಗಳ ಕಂಟ್ರೋಲರ್‌ನಲ್ಲಿ ಕಂಪ್ರೆಸರ್ ಓಡಿದ ಗಂಟೆ ದಾಖಲಾಗಿರುತ್ತದೆ. ಮೆಕ್ಯಾನಿಕ್‌ಗೆ ಹೇಳಿ ತೆಗೆಸಿಕೊಳ್ಳಿ.

ಸುಮ್ನೆ ನಿಂತ ಮಷೀನಿಗೂ ತೊಂದರೆ ಇದ್ದೇ ಇದೆ. ಮಂಟಪದ ಎಸಿಯ ವೈರನ್ನು ಇಲಿ ಕಡಿಯುತ್ತದೆ. ಹೊರಗಿನ ಯೂನಿಟ್‌ನ ಬೋರ್ಡ್ ಮೇಲೆ ಹಲ್ಲಿ ಹೋಗಿ ಶಾರ್ಟ್ ಆಗುವುದೂ ಉಂಟು.

ಗಾಳಿ ಎಂಥದ್ದು?

ಮಂಗಳೂರು, ಉಡುಪಿ, ಕಾರವಾರದಲ್ಲಿ ಸಮುದ್ರದ ಉಪ್ಪುಗಾಳಿ ಕಾಯಿಲ್‌ನ ಅಲ್ಯೂಮಿನಿಯಂ ರೆಕ್ಕೆಗಳನ್ನು ತಿಂದುಹಾಕುತ್ತದೆ. ಟಾರ್ಚ್ ಹಾಕಿ ನೋಡಿ, ಬೆರಳಲ್ಲಿ ಮೆಲ್ಲಗೆ ಮುಟ್ಟಿ. ರೆಕ್ಕೆ ಬಿಳಿ ಪುಡಿಯಾಗಿ ಉದುರಿದರೆ ಕಂಪ್ರೆಸರ್ ಎಷ್ಟೇ ಗಟ್ಟಿಯಿದ್ದರೂ ಕಾಯಿಲ್‌ನ ಕಾಲ ಮುಗಿಯುತ್ತಾ ಬಂದಿದೆ ಎಂದರ್ಥ. ಅಡುಗೆಮನೆಯ ಎಣ್ಣೆಹೊಗೆ, ಮುಖ್ಯರಸ್ತೆಯ ಧೂಳು ತಾಗುವ ಜಾಗವೂ ಎಸಿಗೆ ಒಳ್ಳೆಯದಲ್ಲ.

ಈಗ ಅಳತೆ

ಫಿಲ್ಟರ್ ತೊಳೆದು, ಬಿಸಿಲು ಏರಿದ ಹೊತ್ತಿನಲ್ಲಿ ಅರ್ಧ ಗಂಟೆ ಎಸಿ ಓಡಿಸಿ. ಒಳಗೆ ಎಳೆಯುವ ಗಾಳಿಯ ಉಷ್ಣತೆ, ಹೊರಬಿಡುವ ಗಾಳಿಯ ಉಷ್ಣತೆ ಎರಡನ್ನೂ ಬರೆದುಕೊಳ್ಳಿ. ಸಾಮಾನ್ಯವಾಗಿ 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು. ಕರಾವಳಿಯಲ್ಲಿ ಇದು ಸ್ವಲ್ಪ ಕಡಿಮೆ ಬರಬಹುದು, ಯಾಕೆಂದರೆ ಅಲ್ಲಿ ಎಸಿಯ ಶಕ್ತಿಯ ದೊಡ್ಡ ಪಾಲು ಗಾಳಿಯ ತೇವವನ್ನು ನೀರಾಗಿಸಲು ಹೋಗುತ್ತದೆ.

ಆಮೇಲೆ ವೈರಿಗೆ ಸುತ್ತ ಹಿಡಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಕೆಲಸ. ಇದನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ, ನೀವು ಪ್ಯಾನಲ್‌ಗೆ ಕೈ ಹಾಕಬೇಡಿ. ಎಳೆಯುವ ಆಂಪಿಯರ್ ಪ್ಲೇಟ್ ಮೇಲಿದ್ದುದಕ್ಕಿಂತ ಜಾಸ್ತಿಯಿದೆಯಾ? ಹೌದಾದರೆ ಮೊದಲು ವೋಲ್ಟೇಜ್ ಪರೀಕ್ಷಿಸಿ, ಹೊರಗಿನ ಕಾಯಿಲ್ ತೊಳೆಸಿ, ಮತ್ತೆ ನೋಡಿ. ಆಗಲೂ ಇಳಿಯದಿದ್ದರೆ ಕಂಪ್ರೆಸರ್ ಬಗ್ಗೆ ಯೋಚಿಸಬೇಕು. ಇದೇ ಅಳತೆಗಳನ್ನು ಪ್ರತಿ ವರ್ಷ ಅದೇ ತಿಂಗಳಲ್ಲಿ ತೆಗೆದು ಬರೆದಿಡಿ. ಒಂದು ವರ್ಷದ ಸಂಖ್ಯೆಗಿಂತ ಮೂರು ವರ್ಷದ ಇಳಿಕೆ ಜಾಸ್ತಿ ಹೇಳುತ್ತದೆ.

ಹಳೆಯ ಸರ್ವಿಸ್ ಬಿಲ್ಲುಗಳನ್ನೂ ತೆಗೆದು ನೋಡಿ. ಎಸಿಯ ಗ್ಯಾಸ್ ಉರಿದು ಖಾಲಿಯಾಗುವ ವಸ್ತುವಲ್ಲ, ಮುಚ್ಚಿದ ಪೈಪಿನೊಳಗೆ ಸುತ್ತುತ್ತಾ ಇರುವಂಥದ್ದು. ಪ್ರತಿ ಬೇಸಿಗೆಗೂ ‘ಗ್ಯಾಸ್ ಫಿಲ್ಲಿಂಗ್’ ಬಿಲ್ ಇದ್ದರೆ ಎಲ್ಲೋ ಸೋರುತ್ತಿದೆ. ಪೈಪಿನ ಜಾಯಿಂಟ್‌ನಲ್ಲಾದರೆ ಬೆಸುಗೆ ಹಾಕಿಸಿದರೆ ಮುಗಿಯಿತು. ಕಾಯಿಲ್‌ನೊಳಗೆ ಒಂದರ ನಂತರ ಒಂದು ತೂತು ಬೀಳುತ್ತಿದ್ದರೆ ದುಡ್ಡು ಸುರಿಯುವುದನ್ನು ನಿಲ್ಲಿಸಿ.

ಚಿಲ್ಲರ್ ಇರುವವರಿಗೆ

ಬೆಂಗಳೂರಿನಲ್ಲಿ ಚಿಲ್ಲರ್‌ನ ಶಾಖವನ್ನು ಹೊರಗಿನ ಗಾಳಿಗೆ ಬಿಡುವ ಕೂಲಿಂಗ್ ಟವರ್‌ಗೆ ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರು ಹಾಕುವವರೇ ಹೆಚ್ಚು. ಗಡಸು ನೀರಿನಿಂದ ಕಂಡೆನ್ಸರ್ (ಗ್ಯಾಸಿನ ಶಾಖ ನೀರಿಗೆ ಹೋಗುವ ಭಾಗ) ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ. ಕಂಡೆನ್ಸರ್‌ನಲ್ಲಿ ಗ್ಯಾಸಿನ ಉಷ್ಣತೆಗೂ ಹೊರಬರುವ ನೀರಿನ ಉಷ್ಣತೆಗೂ ಇರುವ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಅದೇ ಸೂಚನೆ. ಸುಣ್ಣ ತೆಗೆಸಿದ ಮೇಲೆ ಅದು ಹಳೆಯ ಮಟ್ಟಕ್ಕೆ ಇಳಿದರೆ ಚಿಲ್ಲರ್ ಇನ್ನೂ ಗಟ್ಟಿಯಿದೆ. ವಯಸ್ಸಾದ ಚಿಲ್ಲರ್‌ಗೆ ಎಡ್ಡಿ ಕರೆಂಟ್ ಪರೀಕ್ಷೆ (ಕೊಳವೆಯೊಳಗೆ ವಿದ್ಯುತ್ ಕಾಂತದ ಶೋಧಕ ತೂರಿಸಿ ನೋಡುವುದು) ಮಾಡಿಸಿದರೆ ಕೊಳವೆ ಎಲ್ಲಿ ತೆಳುವಾಗಿದೆ ಎಂದು ತಿಳಿಯುತ್ತದೆ. ಹೋಟೆಲು, ಹಾಸ್ಟೆಲುಗಳ ಬಿಸಿನೀರಿನ ಹೀಟ್ ಪಂಪ್‌ಗೂ ಸುಣ್ಣವೇ ಶತ್ರು.

ಕೊನೆಗೆ ದುಡ್ಡು

ಹಳೆ ಮಷೀನು ಗಂಟೆಗೆ 3 ಯೂನಿಟ್ ಜಾಸ್ತಿ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಅಂದರೆ 9,000 ಯೂನಿಟ್. ನಿಮ್ಮ ಬಿಲ್‌ನಲ್ಲಿರುವ ದರದಿಂದ ಗುಣಿಸಿ ನೋಡಿ. ನಿರೀಕ್ಷಿತ ಆಯಸ್ಸಿನ ಮುಕ್ಕಾಲು ಪಾಲು ಕಳೆದ ಮಷೀನಿನ ರಿಪೇರಿಗೆ ಹೊಸದರ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೇಳಿದರೆ ನಾನಂತೂ ಬದಲಾಯಿಸಿ ಎಂದೇ ಹೇಳುತ್ತೇನೆ. ಅದರ ಎಲೆಕ್ಟ್ರಾನಿಕ್ ಬೋರ್ಡ್ ಮಾರುಕಟ್ಟೆಯಲ್ಲಿ ಸಿಗುವುದು ನಿಂತಿದ್ದರೆ ಯೋಚಿಸುವುದೇ ಬೇಡ.

ಬೇಸಿಗೆಯಲ್ಲಿ ಅಳತೆ ಮಾಡಿ, ಮಳೆಗಾಲದಲ್ಲಿ ಕೊಟೇಶನ್ ತರಿಸಿ. ಆಗ ಹೊಸ ಮಷೀನಿಗೆ ಹಳೆಯ ಟನ್ ಲೆಕ್ಕವನ್ನೇ ನಕಲು ಮಾಡಬೇಡಿ. ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿರುತ್ತೀರಿ, ಪಾರ್ಟಿಶನ್ ಬದಲಾಗಿರುತ್ತದೆ, ಜನ ಹೆಚ್ಚಿರುತ್ತಾರೆ. ಕೋಣೆಯ ಶಾಖದ ಲೆಕ್ಕವನ್ನು ಹೊಸದಾಗಿ ಹಾಕಿಸಿ, ತಣ್ಣನೆ ಗಾಳಿ ಸಾಗಿಸುವ ಡಕ್ಟ್ ಗಟ್ಟಿಯಿದ್ದರೆ ತೊಳೆಸಿ ಅದನ್ನೇ ಉಳಿಸಿಕೊಳ್ಳಿ.