ಸೂಪರ್‌ಕಾರ್ ಓಡಿಸುವ ಉಡುಗೊರೆಯೇ? ಮೊದಲು ನಿಮಿಷ ಎಣಿಸಿ

ಹೆಲ್ಮೆಟ್ ತೆಗೆದು, ಕಾರಿನ ಬಾಗಿಲು ಹಿಡಿದು ಕಷ್ಟಪಟ್ಟು ಮೇಲೆದ್ದ ಭಾವನ ಬಾಯಿಂದ ಬಂದ ಮೊದಲ ಮಾತು, ‘ಇಷ್ಟೇನಾ?’

ಅವರ ಐವತ್ತನೇ ಹುಟ್ಟುಹಬ್ಬಕ್ಕೆ ನಾನು ಕೊಟ್ಟ ಉಡುಗೊರೆ ಅದು. ಲ್ಯಾಂಬೋರ್ಗಿನಿ ಹುರಾಕಾನ್ ಕಾರು, ರೇಸ್ ಟ್ರ್ಯಾಕ್, ಮೂರು ಲ್ಯಾಪ್ (ಟ್ರ್ಯಾಕಿನ ಮೂರು ಸುತ್ತು). ವೋಚರಿನ ಮೇಲಿದ್ದ ಹಳದಿ ಕಾರಿನ ಚಿತ್ರಕ್ಕೇ ಮರುಳಾಗಿದ್ದ ನನಗೆ, ಮೂರು ಲ್ಯಾಪ್ ಅಂದರೆ ಎಷ್ಟು ಹೊತ್ತು ಎಂದು ಕೇಳುವ ಬುದ್ಧಿ ಬರಲಿಲ್ಲ. ಟ್ರ್ಯಾಕಿನ ಉದ್ದ ಎರಡೂವರೆ ಕಿಲೋಮೀಟರ್. ಹೊಸಬರ ಸರಾಸರಿ ವೇಗ ಗಂಟೆಗೆ 90 ಕಿ.ಮೀ. ಎಂದಿಟ್ಟುಕೊಂಡರೂ ಏಳೂವರೆ ಕಿಲೋಮೀಟರ್ ಮುಗಿಯಲು ಐದೇ ನಿಮಿಷ ಸಾಕು. ಮೊದಲ ಲ್ಯಾಪ್ ದಾರಿಯ ಪರಿಚಯಕ್ಕೆ ಹೋಯಿತು. ಕೊನೆಯದು ಬ್ರೇಕು ತಣ್ಣಗಾಗಲೆಂದು ನಿಧಾನ. ನಡುವೆ ಉಳಿದದ್ದು ಹೆಚ್ಚುಕಡಿಮೆ ನೂರು ಸೆಕೆಂಡು. ಅದಕ್ಕೆ ಸರದಿಯಲ್ಲಿ ಕಾದದ್ದು ಒಂದೂವರೆ ಗಂಟೆ.

ನಡೆಸುವವರ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಬರೆದಿದ್ದನ್ನೇ ಅವರು ಕೊಟ್ಟಿದ್ದರು. ಓದದೆ ಬುಕ್ ಮಾಡಿದವನು ನಾನು. ಎರಡು ವರ್ಷ ಬಿಟ್ಟು ಮತ್ತೊಮ್ಮೆ ಕೊಡುವಾಗ ಎಲ್ಲವನ್ನೂ ಓದಿದೆ, ಫೋನ್ ಮಾಡಿ ತಲೆ ತಿಂದೆ. ಆ ಎರಡು ಸಲದಿಂದ ಹೆಕ್ಕಿಕೊಂಡ ಹೆಜ್ಜೆಗಳು ಇಲ್ಲಿವೆ.

ಹೆಜ್ಜೆ 1: ಅವರಿಗೆ ಕಾರು ಬೇಕೋ, ಓಡಿಸುವುದು ಬೇಕೋ?

ಕಾರಿನ ಹುಚ್ಚು ಇರುವವರೆಲ್ಲ ಒಂದೇ ಜಾತಿಯವರಲ್ಲ. ಕೆಲವರು ಚಿಕ್ಕಂದಿನಲ್ಲಿ ಗೋಡೆಗೆ ಅಂಟಿಸಿದ್ದ ಪೋಸ್ಟರನ್ನು ಇವತ್ತಿಗೂ ಮರೆತಿಲ್ಲ. ಅವರ ಮಾತಲ್ಲಿ ಬರುವುದು ಬಣ್ಣ, ಬಾಗಿಲು, ಎಕ್ಸಾಸ್ಟ್ ಸದ್ದು. ಇನ್ನು ಕೆಲವರ ಮಾತು ತಿರುವು, ಗೇರು, ಟೈರಿನ ಸುತ್ತಲೇ ಸುತ್ತುತ್ತದೆ. ಘಾಟಿ ರಸ್ತೆ ಬಂತೆಂದರೆ ‘ಸ್ಟಿಯರಿಂಗ್ ನಂಗೆ ಕೊಡು’ ಎನ್ನುವವರು ಇವರು. ಮೊದಲಿನವರಿಗೆ ಹೆಸರಾಂತ ಕಾರು, ನಾಲ್ಕು ಲ್ಯಾಪ್, ಒಳ್ಳೆಯ ಫೋಟೊ ಸಾಕು, ಖುಷಿಯಾಗಿ ಮನೆಗೆ ಬರುತ್ತಾರೆ. ಎರಡನೆಯವರಿಗೆ ಕಾರು ಸಣ್ಣದಾದರೂ ಪರವಾಗಿಲ್ಲ, ಹೊತ್ತು ಬೇಕು. ನಮ್ಮ ಭಾವ ಎರಡನೇ ಪೈಕಿ. ಅವರಿಗೆ ನಾನು ಮೊದಲ ಪೈಕಿಯ ಉಡುಗೊರೆ ಕೊಟ್ಟಿದ್ದೆ.

ಮೂರನೇ ಬಗೆಯವರೂ ಇದ್ದಾರೆ. ವೇಗ ಬೇಕು, ಆದರೆ ಸ್ಟಿಯರಿಂಗ್ ಹಿಡಿಯಲು ಅಂಜಿಕೆ. ಅವರಿಗೆಂದೇ ‘ಹಾಟ್ ಲ್ಯಾಪ್’ ಇದೆ: ಓಡಿಸುವವರು ಪಳಗಿದ ರೇಸ್ ಚಾಲಕರು, ಪಕ್ಕದ ಸೀಟಲ್ಲಿ ನಿಮ್ಮವರು. ಇದನ್ನು ಕಡಿಮೆ ಎಂದುಕೊಳ್ಳಬೇಡಿ. ಜರ್ಮನಿಯ ನೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನಲ್ಲಿ ಸಬೀನೆ ಶ್ಮಿಟ್ಸ್ ಬಿಎಂಡಬ್ಲ್ಯು ಎಂ5 ‘ರಿಂಗ್ ಟ್ಯಾಕ್ಸಿ’ ಓಡಿಸುತ್ತಿದ್ದ ಕಾಲದಲ್ಲಿ ಅವರ ಪಕ್ಕ ಕೂರಲು ಜನ ಸಾಲುಗಟ್ಟುತ್ತಿದ್ದರು. 1996 ಮತ್ತು 1997ರಲ್ಲಿ ಅಲ್ಲಿನ 24 ಗಂಟೆಗಳ ರೇಸ್ ಗೆದ್ದಿದ್ದ ಆಕೆ, ಮಾತಾಡುತ್ತ ನಗುತ್ತಲೇ ಕಾರನ್ನು ತಿರುವಿಗೆ ನುಗ್ಗಿಸುತ್ತಿದ್ದರು. ಕಾರಿಗೆ ನಿಜಕ್ಕೂ ಎಷ್ಟು ತಾಕತ್ತಿದೆ ಎಂದು ತಿಳಿಯುವುದು ಇಂಥ ಸೀಟಿನಲ್ಲಿ ಕೂತಾಗಲೇ. ಹೊಸಬರ ಕೈಯಲ್ಲಿ ಅದರ ಅರ್ಧವೂ ಹೊರಬರುವುದಿಲ್ಲ. ಹೊಟ್ಟೆ ತೊಳಸುವ ಸ್ವಭಾವದವರಿಗೆ ಮಾತ್ರ ಇದು ಬೇಡ.

ಹೆಜ್ಜೆ 2: ಎತ್ತರ, ತೂಕ, ಲೈಸೆನ್ಸ್, ಬೆನ್ನು

ಇದನ್ನು ಸದ್ದಿಲ್ಲದೆ ಪತ್ತೆಹಚ್ಚಬೇಕು. ಹುರಾಕಾನ್‌ನ ಒಟ್ಟು ಎತ್ತರ 116.5 ಸೆಂಟಿಮೀಟರ್, ನಿಂತವರ ಸೊಂಟಕ್ಕಿಂತ ಸ್ವಲ್ಪ ಮೇಲೆ. ಅದರೊಳಗೆ ಆರಡಿ ಎರಡಿಂಚಿನ ಭಾವ, ತಲೆ ಮೇಲೆ ಹೆಲ್ಮೆಟ್. ಕುತ್ತಿಗೆ ಎಡಕ್ಕೆ ವಾಲಿಸಿಕೊಂಡೇ ಐದು ನಿಮಿಷವೂ ಓಡಿಸಿದರು. ವೀಡಿಯೊ ನೋಡಿದರೆ ಯಾರದೋ ಗುಟ್ಟು ಕದ್ದು ಕೇಳುತ್ತಿರುವ ಹಾಗಿದೆ. ಎತ್ತರದವರಿಗೆ ನಿಸಾನ್ ಜಿಟಿ-ಆರ್ ಥರದ ಕಾರು ವಾಸಿ. ಅದು 137 ಸೆಂಟಿಮೀಟರ್ ಎತ್ತರವಿದೆ, ಹತ್ತಿ ಇಳಿಯುವುದೂ ಸಲೀಸು.

ಸೀಟು ಮತ್ತು ಬೆಲ್ಟಿನ ಕಾರಣಕ್ಕೆ ತೂಕದ ಮಿತಿಯೂ ಇರುತ್ತದೆ. ಹೃದಯದ ತೊಂದರೆ, ಮೂರ್ಛೆ, ಕುತ್ತಿಗೆ ಬೆನ್ನಿನ ನೋವು, ಗರ್ಭಿಣಿಯರು, ಇವಕ್ಕೆಲ್ಲ ಸಾಮಾನ್ಯವಾಗಿ ‘ಆಗುವುದಿಲ್ಲ’ ಎಂದೇ ಉತ್ತರ. ಆಟೊಮ್ಯಾಟಿಕ್ ಕಾರಿಗೆ ಸೀಮಿತವಾದ ಲೈಸೆನ್ಸ್ ಇರುವವರು ಹೆದರಬೇಕಿಲ್ಲ. ಹೊಸ ಸೂಪರ್‌ಕಾರ್‌ಗಳಲ್ಲಿ ಹೆಚ್ಚಿನವಕ್ಕೆ ಕ್ಲಚ್ ಪೆಡಲೇ ಇಲ್ಲ, ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ಗಳಲ್ಲಿ ಬಲಗಡೆಯದು ಗೇರ್ ಏರಿಸುತ್ತದೆ, ಎಡಗಡೆಯದು ಇಳಿಸುತ್ತದೆ. ಅಸಲಿ ಲೈಸೆನ್ಸ್ ಕಾರ್ಡು ಜೊತೆಗಿರಲಿ, ಫೋನಿನಲ್ಲಿರುವ ಫೋಟೊ ನಡೆಯದೆ ವಾಪಸ್ ಹೋದವರನ್ನು ಕಣ್ಣಾರೆ ಕಂಡಿದ್ದೇನೆ.

ಹೆಜ್ಜೆ 3: ಲ್ಯಾಪ್ ಲೆಕ್ಕ ಬಿಡಿ, ಕಿಲೋಮೀಟರ್ ಕೇಳಿ

ನನ್ನ ಪ್ರಕಾರ ಇಡೀ ವ್ಯವಹಾರದ ಜೀವಾಳ ಇದು. ‘ಲ್ಯಾಪ್’ ರಬ್ಬರಿನ ಹಾಗೆ, ಎಳೆದಷ್ಟು ಉದ್ದ. ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಒಂದು ಲ್ಯಾಪ್ 7 ಕಿಲೋಮೀಟರ್, ಬ್ರಿಟನ್ನಿನ ಸಿಲ್ವರ್‌ಸ್ಟನ್‌ನದು 5.89. ಆದರೆ ದೊಡ್ಡ ಟ್ರ್ಯಾಕಿನ ಹೆಸರು ಹಾಕಿದ ಮಾತ್ರಕ್ಕೆ ಪೂರ್ತಿ ಸುತ್ತು ಸಿಗುತ್ತದೆ ಎಂದೇನಿಲ್ಲ. ಅದರ ಒಂದು ಮೂಲೆಯನ್ನು ಕತ್ತರಿಸಿ ಮಾಡಿದ ಗಿಡ್ಡ ಸುತ್ತೂ ಆಗಿರಬಹುದು. ಹಾಗಾಗಿ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಬಳಸುವ ಸುತ್ತಿನ ಉದ್ದ ಎಷ್ಟು? ಹೊರಡುವ ಮತ್ತು ಒಳಬರುವ ಲ್ಯಾಪ್‌ಗಳೂ ಎಣಿಕೆಗೆ ಸೇರಿವೆಯೇ? ಒಂದೇ ಹೊತ್ತಿಗೆ ಟ್ರ್ಯಾಕಿನಲ್ಲಿ ಎಷ್ಟು ಕಾರು ಬಿಡುತ್ತೀರಿ?

ಮೂರನೆಯದನ್ನು ಯಾರೂ ಕೇಳುವುದಿಲ್ಲ. ಮುಂದೆ ಹೆದರಿಕೊಂಡು ಹೋಗುವವರು ಸಿಕ್ಕಿ, ಹಿಂದಿಕ್ಕುವ ಜಾಗವೂ ಇರದಿದ್ದರೆ, 600 ಅಶ್ವಶಕ್ತಿಯ ಕಾರು ಮೆರವಣಿಗೆಯ ಬಂಡಿಯಾಗುತ್ತದೆ.

ಹಳೆಯ ವಿಮಾನ ನಿಲ್ದಾಣದ ರನ್‌ವೇ ಮೇಲೆ ಕೋನ್ ಇಟ್ಟು ನಡೆಸುವ ಕಡೆಯೂ ಇವೆ. ರೇಸ್ ಟ್ರ್ಯಾಕಿನ ಏರಿಳಿತ, ಗತ್ತು ಅಲ್ಲಿಲ್ಲ ನಿಜ. ಆದರೆ ಸುತ್ತ ಬಯಲು. ಕಾರು ಜಾರಿ ಗಿರಕಿ ಹೊಡೆದರೂ ಬಡಿಯಲು ಹತ್ತಿರದಲ್ಲಿ ಗೋಡೆ ಇರುವುದಿಲ್ಲ. ಅಂಜುಬುರುಕರಿಗೆ ನಾನು ಇದನ್ನೇ ಹೇಳುತ್ತೇನೆ.

‘ಒಂದೇ ದಿನ ಐದು ಕಾರು’ ಎಂಬ ಪ್ಯಾಕೇಜಿಗೆ ಬೀಳಬೇಡಿ. ಪ್ರತಿ ಕಾರಿನ ಬ್ರೇಕಿನ ಬಿಗಿ, ಸ್ಟಿಯರಿಂಗಿನ ತೂಕ ಕಾಲಿಗೂ ಕೈಗೂ ಒಗ್ಗಲು ಒಂದು ಲ್ಯಾಪ್ ಬೇಕೇ ಬೇಕು. ಒಗ್ಗಿತು ಅನ್ನುವಷ್ಟರಲ್ಲಿ ಇಳಿಸಿ ಇನ್ನೊಂದಕ್ಕೆ ಹತ್ತಿಸುತ್ತಾರೆ. ಪೋಸ್ಟರ್ ಜನಕ್ಕೆ ಅದು ಹಬ್ಬ, ಓಡಿಸುವ ಜನಕ್ಕೆ ಬರೀ ಗೋಳು.

ಹೆಜ್ಜೆ 4: ಯಾವ ಕಾರು?

2014ರಲ್ಲಿ ಬಂದ ಹುರಾಕಾನ್‌ನಲ್ಲಿ 5.2 ಲೀಟರಿನ, ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ವಿ10, ಅಂದರೆ ಹತ್ತು ಸಿಲಿಂಡರಿನ ಎಂಜಿನ್ ಇದೆ, 610 ಅಶ್ವಶಕ್ತಿ. ಮೊದಲ ಮಾದರಿಯಲ್ಲಿ ನಾಲ್ಕೂ ಚಕ್ರಕ್ಕೆ ಬಲ ಹೋಗುವುದರಿಂದ ಹೊಸಬರ ತಪ್ಪನ್ನು ಕ್ಷಮಿಸುತ್ತದೆ. ಆಡಿ ಆರ್8 ವಿ10ನಲ್ಲಿ ಇರುವುದೂ ಇದೇ ಮನೆತನದ ಎಂಜಿನ್. ಹೆಸರಿಗೆ ಮೆರುಗು ಕಡಿಮೆ, ಹಾಗಾಗಿ ಅದೇ ಹಣಕ್ಕೆ ನಾಲ್ಕು ಲ್ಯಾಪ್ ಹೆಚ್ಚು ಸಿಕ್ಕರೂ ಸಿಕ್ಕೀತು.

ಫೆರಾರಿಯೇ ಬೇಕೆಂದರೆ ಮಾದರಿಯ ಸಂಖ್ಯೆ ನೋಡಿ. 458ರದು 4.5 ಲೀಟರಿನ ವಿ8, ಟರ್ಬೊ ಇಲ್ಲ, 9,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು) ತನಕ ಕೂಗುತ್ತ ಏರುತ್ತದೆ. 2015ರಲ್ಲಿ ಬಂದ 488ಕ್ಕೆ ಎರಡು ಟರ್ಬೊ, ಬಲ 670 ಅಶ್ವಶಕ್ತಿ. ಕಾಗದದ ಮೇಲೆ ಎರಡನೆಯದೇ ಮುಂದೆ. ಕಿವಿಗೆ ಹಬ್ಬವಾಗಬೇಕೆಂದರೆ ನನ್ನ ಮತ ಹಳೆಯದಕ್ಕೆ.

ಓಡಿಸುವ ಹುಚ್ಚಿನವರಿಗೆ ಪೋರ್ಷೆ 911 ಜಿಟಿ3. ಎಂಜಿನ್ ಹಿಂಚಕ್ರಗಳಿಗಿಂತಲೂ ಹಿಂದೆ ಕೂತಿರುವುದರಿಂದ ಮುಂಭಾಗ ಹಗುರ. ಬ್ರೇಕ್ ಒತ್ತಿ ಭಾರವನ್ನು ಮುಂದಕ್ಕೆ ತಂದು ಆಮೇಲೆ ತಿರುಗಿಸಿದರೆ ಹೇಳಿದಂತೆ ಕೇಳುತ್ತದೆ, ಇಲ್ಲದಿದ್ದರೆ ನೇರಕ್ಕೆ ಹೋಗುತ್ತೇನೆಂದು ಹಟ ಮಾಡುತ್ತದೆ. ಪ್ರತಿ ಲ್ಯಾಪಿನಲ್ಲೂ ಒಂದಿಷ್ಟು ಕಲಿಸುವ ಕಾರು. ಎರಡನೇ ಸಲ ನಾನು ಭಾವನಿಗೆ ಕೊಟ್ಟದ್ದು ಇದನ್ನೇ, ಎಂಟು ಲ್ಯಾಪ್. ಕೇಟರ್‌ಹ್ಯಾಮ್, ಏರಿಯಲ್ ಆಟಮ್‌ನಂಥ ಹಗುರ ಕಾರುಗಳೂ ಇವೆ. ಮೈಗೆ ಗಾಳಿ ಹೊಡೆಯುತ್ತದೆ, 80ರ ವೇಗವೂ 150ರಂತೆ ಅನಿಸುತ್ತದೆ.

ಯಾವ ಕಾರು ಆರಿಸಿದರೂ ‘ಅಗತ್ಯವಿದ್ದರೆ ಬದಲಿ ಕಾರು ಕೊಡಲಾಗುವುದು’ ಎಂಬ ಸಾಲು ಷರತ್ತಿನಲ್ಲಿ ಇದೆಯೇ ನೋಡಿ. ಕಾರು ಕೆಟ್ಟರೆ ಬೇರೆ ದಿನ ಕೊಡುತ್ತಾರೋ, ಬೇರೆ ಕಾರು ಕೊಟ್ಟು ಸಾಗಹಾಕುತ್ತಾರೋ ಎಂಬುದು ಬರಹದಲ್ಲಿ ಸಿಗಬೇಕು.

ಹೆಜ್ಜೆ 5: ಪಕ್ಕದ ಸೀಟಿನಲ್ಲಿ ಕೂರುವವರು

ಕಾರಿಗಿಂತ ಇನ್‌ಸ್ಟ್ರಕ್ಟರ್ ಮುಖ್ಯ ಎಂದು ನನಗೆ ಗೊತ್ತಾದದ್ದು ಎರಡನೇ ಸಲ, ಭಾವನ ಜೊತೆ ನಾನೂ ಒಂದು ಸರದಿ ತೆಗೆದುಕೊಂಡಾಗ. ಮೊದಲು ಅರ್ಧ ಗಂಟೆ ಪಾಠ: ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ಹಿಂದಿಕ್ಕಬೇಡಿ. ನೀಲಿ ಕಂಡರೆ ಹಿಂದೆ ವೇಗದ ಕಾರಿದೆ, ದಾರಿ ಬಿಡಿ. ಕೆಂಪಾದರೆ ಅವಧಿ ನಿಂತಿತು, ನಿಧಾನಿಸಿ. ಚೌಕಳಿ ಕಂಡರೆ ಮುಗಿಯಿತು.

ಮೊದಲ ಲ್ಯಾಪಿನಲ್ಲಿ ನನ್ನ ಕಣ್ಣು ಬಾನೆಟ್ಟಿಗೇ ಅಂಟಿತ್ತು. ಕೈ ಸ್ಟಿಯರಿಂಗನ್ನು ಹಿಂಡುತ್ತಿತ್ತು. ‘ಬ್ರೇಕ್’ ಎಂದು ಅವರು ಹೇಳುವ ಹೊತ್ತಿಗೆ ನನ್ನ ಕಾಲು ಎಕ್ಸಲರೇಟರ್ ಮೇಲೆ, ‘ಗ್ಯಾಸ್’ ಎನ್ನುವಾಗ ಬ್ರೇಕ್ ಮೇಲೆ. ಎತ್ತು ಏರಿಗೆ, ಕೋಣ ನೀರಿಗೆ. ಎರಡನೇ ಲ್ಯಾಪಿನಲ್ಲಿ ಅವರು ಕೂಗುವುದನ್ನು ನಿಲ್ಲಿಸಿ ಬೆರಳು ಎತ್ತಿ ದೂರದ ಕಿತ್ತಳೆ ಕೋನ್ ತೋರಿಸಿದರು. ‘ಅದನ್ನು ಮಾತ್ರ ನೋಡಿ, ಕೈ ತಾನೇ ಬರುತ್ತೆ.’ ಬಂತು. ಮೊದಲ ಕೋನ್ ಬ್ರೇಕಿಗೆ, ಎರಡನೆಯದು ತಿರುಗಿಸಲು, ಮೂರನೆಯದು ತಿರುವಿನ ಒಳ ಅಂಚಿಗೆ. ಒಂದಾದ ಮೇಲೊಂದಕ್ಕೆ ಕಣ್ಣು ದಾಟಿಸುತ್ತ ಹೋದರೆ ಕಾರು ಅದರ ಹಿಂದೆಯೇ ಬರುತ್ತದೆ.

ಆ ಬ್ರೇಕ್ ಕೋನ್ ಅಷ್ಟು ದೂರದಲ್ಲಿ ಯಾಕೆ ಎಂಬ ಪ್ರಶ್ನೆ ನನಗೂ ಬಂದಿತ್ತು. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. 100 ಕಿ.ಮೀ. ವೇಗದಿಂದ ನಿಲ್ಲಲು 35 ಮೀಟರ್ ಸಾಕಾದರೆ 200ರಿಂದ ನಿಲ್ಲಲು 140 ಮೀಟರ್ ಬೇಕು. 200ರ ವೇಗದಲ್ಲಿ ಕಾರು ಸೆಕೆಂಡಿಗೆ 55 ಮೀಟರ್ ಓಡುತ್ತಿರುತ್ತದೆ. ಒಂದು ಸೆಕೆಂಡು ಯೋಚಿಸಿದಿರೋ, ಕೋನ್ ಆಗಲೇ ಹಿಂದಾಗಿರುತ್ತದೆ.

ಬುಕ್ ಮಾಡುವಾಗ ಕೇಳಬೇಕಾದದ್ದು ಇಷ್ಟು: ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಕೂರುತ್ತಾರೆಯೇ, ಅವರ ಕಡೆಯೂ ಬ್ರೇಕ್ ಪೆಡಲ್ ಇದೆಯೇ, ನಿಮ್ಮವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡುತ್ತಾರೆಯೇ.

ಹೆಜ್ಜೆ 6: ಸಣ್ಣ ಅಕ್ಷರಗಳು

ಹಣ ಕೊಡುವವರು ನೀವು, ಅಲ್ಲಿ ಸಹಿ ಹಾಕುವವರು ಅವರು. ಕಾರಿಗೆ ಪೆಟ್ಟಾದರೆ ಇಂತಿಷ್ಟು ಮೊತ್ತದವರೆಗೆ ಚಾಲಕರೇ ಭರಿಸಬೇಕು ಎಂಬ ಷರತ್ತು ಸಾಮಾನ್ಯ. ಆ ಹೊಣೆ ತಗ್ಗಿಸುವ ಹೆಚ್ಚುವರಿ ವಿಮೆ ಇದ್ದರೆ ವೋಚರಿನ ಜೊತೆಗೇ ಕೊಂಡುಬಿಡಿ. ಉಡುಗೊರೆ ಪಡೆದವರು ಕೌಂಟರಿನಲ್ಲಿ ಕಾರ್ಡು ತೆಗೆಯುವಂತಾದರೆ ನಾಚಿಕೆ ನಿಮಗೇ. ಸ್ವಂತ ಕಾರಿನ ವಿಮೆ ಟ್ರ್ಯಾಕಿನಲ್ಲಿ ಕೆಲಸಕ್ಕೆ ಬರುತ್ತದೆಂದು ಎಣಿಸಬೇಡಿ.

ಇದೇ ಕಾರಣಕ್ಕೆ, 1927ರಲ್ಲಿ ಶುರುವಾದ ನೂರ್ಬರ್ಗ್‌ರಿಂಗ್‌ನ 20.8 ಕಿಲೋಮೀಟರಿನ ಹಳೆಯ ಸುತ್ತಿನಲ್ಲಿ ಬಾಡಿಗೆ ಕಾರು ಓಡಿಸುವ ಉಡುಗೊರೆಯನ್ನು ಹೊಸಬರಿಗೆ ಕೊಡಬೇಡಿ. ಸಾರ್ವಜನಿಕರಿಗೆ ಬಿಟ್ಟ ದಿನಗಳಲ್ಲಿ ಅದಕ್ಕೆ ಟೋಲ್ ರಸ್ತೆಯ ನಿಯಮ. ಬಡಿದರೆ ಕಾರಿನ ಜೊತೆ ತಡೆಬೇಲಿ ರಿಪೇರಿಯ ಬಿಲ್ಲೂ ಚಾಲಕರ ಕೈಗೆ.

ವೋಚರಿನ ಅವಧಿ ಶುರುವಾಗುವುದು ಸಾಮಾನ್ಯವಾಗಿ ಕೊಂಡ ದಿನದಿಂದ, ಕೊಟ್ಟ ದಿನದಿಂದಲ್ಲ. ಮೂರು ತಿಂಗಳು ಮೊದಲೇ ಕೊಂಡು ಬೀರುವಿನಲ್ಲಿಟ್ಟರೆ ಅಷ್ಟು ಖೋತಾ. ಹೆಸರು ಬದಲಿಸಬಹುದೇ, ದಿನಾಂಕ ಮುಂದೂಡಲು ಶುಲ್ಕವಿದೆಯೇ ಎಂಬುದನ್ನೂ ವಿಚಾರಿಸಿ. ಮಳೆ ಬಂದರೆ ಹೆಚ್ಚಿನ ಕಡೆ ರದ್ದು ಮಾಡುವುದಿಲ್ಲ, ವೇಗ ಇಳಿಸಿ ನಡೆಸುತ್ತಾರೆ. ದಟ್ಟ ಮಂಜು ಬಿದ್ದರೆ ಮಾತ್ರ ನಿಲ್ಲುತ್ತದೆ.

ಹೆಜ್ಜೆ 7: ಕೊಡುವುದು, ಕರೆದೊಯ್ಯುವುದು

ದಿನಾಂಕ ನೀವೇ ಗೊತ್ತುಮಾಡಬೇಡಿ, ಅವರಿಗೆ ಬಿಡಿ. ಕಣ್ಣಿಗೆ ಬಟ್ಟೆ ಕಟ್ಟಿ ಟ್ರ್ಯಾಕಿಗೆ ಕರೆದೊಯ್ಯುವ ನಾಟಕವೂ ಬೇಡ. ನಿದ್ದೆಗೆಟ್ಟು, ದಪ್ಪ ಅಡಿಯ ಬೂಟು ತೊಟ್ಟು ಬಂದವರಿಗೆ ಪೆಡಲ್ ಕಾಲಿಗೆ ಸಿಗುವುದಿಲ್ಲ. ತೆಳ್ಳನೆ ಅಡಿಯ, ಮುಚ್ಚಿದ ಶೂ ಇರಲಿ. ಕನ್ನಡಕದವರು ಹೆಲ್ಮೆಟ್ ಹಾಕಿದ ಮೇಲೆ ಕನ್ನಡಕ ತೂರಿಸಿಕೊಳ್ಳಬೇಕು. ಕಾರಿನೊಳಗಿನ ವೀಡಿಯೊ ಬೇಕಿದ್ದರೆ ಬುಕ್ ಮಾಡುವಾಗಲೇ ಸೇರಿಸಿಕೊಳ್ಳಿ. ನೋಡಲು ಬರುವವರಿಗೆ ಪ್ರವೇಶವಿದೆಯೇ ಎಂದು ಕೇಳಿ.

ಇನ್ನೊಂದು, ಇದನ್ನು ಯಾವ ವೋಚರೂ ಹೇಳುವುದಿಲ್ಲ: ವಾಪಸ್ ಬರುವಾಗ ಮನೆಯ ಕಾರಿನ ಕೀಲಿ ನಿಮ್ಮ ಕೈಯಲ್ಲಿರಲಿ. ಟ್ರ್ಯಾಕಿನಿಂದ ಇಳಿದವರ ಕಣ್ಣಿಗೆ ಹೆದ್ದಾರಿಯ 80ರ ವೇಗ ನಿಂತಂತೆ ಕಾಣುತ್ತದೆ. ಎಂಟು ಲ್ಯಾಪ್ ಮುಗಿಸಿ, ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿದ್ದ ಭಾವ ನನ್ನ ಪಕ್ಕದಲ್ಲಿ ಕೂತು ‘ಆ ಎರಡನೇ ತಿರುವಲ್ಲಿ ಬ್ರೇಕ್ ಬೇಗ ಬಿಟ್ಟೆ ಕಣೋ’ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಮುಂದೆ ತಿರುವು ಬಂದಾಗಲೆಲ್ಲ ಅವರ ಬಲಗಾಲು ಮ್ಯಾಟನ್ನು ಒತ್ತುತ್ತಿತ್ತು.