ಪಿಯುಸಿ ಮುಗಿದ ಮೇಲಿನ ರಜೆ: ಕಾಗದಪತ್ರ ನಿಮ್ಮ ಕೈಯಲ್ಲೇ ಇರಲಿ

ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಚೇರಿ ಇದೆ. ಅದರ ಆಸುಪಾಸಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನಂಥವರಿಗೆ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿ ಕಾಲದಲ್ಲಿ ಮಧ್ಯಾಹ್ನದ ಊಟ ಸಂಜೆಗೆ ಹೋಗುತ್ತದೆ. ನಾನು ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಕುರ್ಚಿಯಲ್ಲಿ ಮಗಳು ಕುಳಿತಿರುತ್ತಾಳೆ. ಕೇಳಿದ್ದಕ್ಕೆಲ್ಲ ಹಿಂದೆ ನಿಂತ ಅಪ್ಪ ಉತ್ತರ ಕೊಡುತ್ತಾರೆ. ಓಟಿಪಿ ಊರಿನಲ್ಲಿರುವ ಅಣ್ಣನ ಮೊಬೈಲಿಗೆ ಹೋಗುತ್ತದೆ, ಅಣ್ಣ ಫೋನ್ ಎತ್ತುವುದಿಲ್ಲ. ಹಾಗಾಗಿ ರಜೆಯ ಮೊದಲ ಕೆಲಸ, ಮುಂದಿನ ಕೆಲವು ವರ್ಷ ಬದಲಾಯಿಸದ ಒಂದು ಮೊಬೈಲ್ ಸಂಖ್ಯೆ ಮತ್ತು ನೀವೇ ತೆರೆದು ಓದುವ ಇಮೇಲ್ ಮಾಡಿಕೊಳ್ಳುವುದು.

ಆಮೇಲೆ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಹಿಂದೆ, ಬ್ಯಾಂಕ್ ಪುಸ್ತಕದಲ್ಲಿ ಎರಡೂ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲವೆಂದುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಕೊಟ್ಟ ಅರ್ಜಿಯ ಅಕ್ಷರಗಳನ್ನು ಬೆರಳಿಟ್ಟು ಓದಿ. ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲಿದ್ದು ಆಧಾರ್‌ಗೆ ಜೋಡಣೆಯಾಗಿರಬೇಕು, ಏಕೆಂದರೆ ರಾಜ್ಯದ ವಿದ್ಯಾರ್ಥಿವೇತನ ಅಲ್ಲಿಗೇ ಬೀಳುತ್ತದೆ.

ಜಾತಿ, ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಆ ಪತ್ರಗಳ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಎಲ್ಲ ಕಡೆ ಕೇಳುತ್ತಾರೆ. ಆದಾಯ ಪ್ರಮಾಣಪತ್ರದ ಆಯುಷ್ಯ ಐದು ವರ್ಷ. ಹೈಸ್ಕೂಲಿಗೆ ಸೇರುವಾಗ ಮಾಡಿಸಿದ್ದು ಮುಗಿಯುವುದು ಸರಿಯಾಗಿ ಈ ಹೊತ್ತಿಗೇ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ್ದು ಶೇ 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ಓದೇ ಆಧಾರ. ಅದರ ವ್ಯಾಸಂಗ ಪ್ರಮಾಣಪತ್ರ ಬೇಕಾದವರು ಏಪ್ರಿಲ್ ಮೊದಲ ವಾರದೊಳಗೇ ಶಾಲೆಗೆ ಹೋಗಿ. ಬೇಸಿಗೆ ರಜೆ ಬಿಟ್ಟರೆ ಮೇ ಕೊನೆಯವರೆಗೆ ಮುಖ್ಯೋಪಾಧ್ಯಾಯರ ಸಹಿಗೆ ಅವರ ಮನೆ ಹುಡುಕಬೇಕಾಗುತ್ತದೆ.

ಎಂಜಿನಿಯರಿಂಗ್ ಬಯಸುವವರು ತಮ್ಮ ಬುದ್ಧಿಯನ್ನೆಲ್ಲ ಆಯ್ಕೆಪಟ್ಟಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುವ ಪಟ್ಟಿಗೆ, ಮೀಸಲಿಡಲಿ. ರ‍್ಯಾಂಕ್‌ನಲ್ಲಿ ಪಿಯುಸಿ ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ ತೂಕ. ಎರಡೂ ಮುಗಿದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಈ ಪಟ್ಟಿ ಮಾತ್ರ. ಹೋದ ವರ್ಷದ ಕಟ್‌ಆಫ್ ನೋಡಿ 'ಇದು ನಮಗೆ ಸಿಗುವುದಿಲ್ಲ' ಎಂದು ಇಷ್ಟದ ಕಾಲೇಜನ್ನು ಕೆಳಗೆ ತಳ್ಳಬೇಡಿ. ಗಣಕಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಸಿಗದಿದ್ದರೆ ಮುಂದಿನದಕ್ಕೆ ಹೋಗುತ್ತದೆ, ಆಸೆಪಟ್ಟಿದ್ದಕ್ಕೆ ದಂಡ ಹಾಕುವುದಿಲ್ಲ. ನಿಜವಾದದ್ದಕ್ಕೆ ಮುನ್ನ ತಾಲೀಮಿನಂತೆ ನಡೆಸುವ ಅಣಕು ಹಂಚಿಕೆ ಬಂದಾಗ ಪಟ್ಟಿ ತಿದ್ದಲು ಅವಕಾಶವಿದೆ. ನಿಜವಾದ ಹಂಚಿಕೆಯಲ್ಲಿ ಚಾಯ್ಸ್ 1 ಎಂದರೆ ಸೀಟು ಒಪ್ಪಿ ಸೇರುವುದು, 3 ಎಂದರೆ ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು, 4 ಎಂದರೆ ಪ್ರಕ್ರಿಯೆಯಿಂದಲೇ ಹೊರಬರುವುದು. ಎಡವುವುದು ಚಾಯ್ಸ್ 2ರಲ್ಲಿ. ಸೀಟು ಹಿಡಿದುಕೊಂಡೇ ಮೇಲಿನದಕ್ಕೆ ಕಾಯಬಹುದು, ನಿಜ. ಮೇಲಿನದು ಬಂತೋ, ಹಳೆಯದು ತಾನೇ ರದ್ದು. ಅಕ್ಕಪಕ್ಕದವರು ಹೇಳಿದರೆಂದು ಮೇಲೆ ತುಂಬಿದ ಕಾಲೇಜು ಆಗ ಕೊರಳಿಗೆ ಬೀಳುತ್ತದೆ.

ಪಟ್ಟಿ ತುಂಬುವ ಮುನ್ನ ಕಾಲೇಜಿಗೆ ಹೋಗಿ ನೋಡಿ. ಭಾನುವಾರ ಅಪ್ಪನ ಸ್ಕೂಟರಿನಲ್ಲಲ್ಲ, ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ. ಯಲಹಂಕದಲ್ಲಿ ಮನೆ ಇಟ್ಟುಕೊಂಡು ಎಲೆಕ್ಟ್ರಾನಿಕ್ ಸಿಟಿಯ ಕಾಲೇಜನ್ನು ಮೇಲೆ ಬರೆಯುವವರು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಮನಸ್ಸು ಬದಲಾಯಿಸುತ್ತಾರೆ. 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಇದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರಿಗೆ ಶಕ್ತಿ ಯೋಜನೆಯಿದೆ. ಹುಡುಗರು ದಾಖಲಾದ ಮೇಲೆ ಸೇವಾಸಿಂಧುವಿನಲ್ಲಿ ಬಿಎಂಟಿಸಿ ಪಾಸಿಗೆ ಅರ್ಜಿ ಹಾಕಬೇಕು.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಸೇರುವವರಿಗೆ ಇಷ್ಟು ಗೋಜಲಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳ ಕಾಲೇಜುಗಳಿಗೆ ಯುಯುಸಿಎಂಎಸ್ ಜಾಲತಾಣದಲ್ಲಿ ನೋಂದಣಿ. 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ.

ಓದಿನ ಮಾತು. ರಜೆಯಲ್ಲಿ 'ಫೌಂಡೇಶನ್ ಕೋರ್ಸ್' ಎಂದು ಸಾವಿರಾರು ರೂಪಾಯಿ ಕೇಳುವ ಕರಪತ್ರಗಳನ್ನು ಮುದ್ರಿಸಿಕೊಡುವವಳು ನಾನೇ, ಆದರೂ ಹೇಳುತ್ತೇನೆ: ಬೇಡ. ಕನ್ನಡ ಮಾಧ್ಯಮದಲ್ಲಿ ಓದಿದವರು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ, ಆ ಕೆಂಪು ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ, ದಿನಕ್ಕೊಂದು ಗಂಟೆ ಕುಳಿತು ನಿಮ್ಮ ವಿಷಯದ ಇಂಗ್ಲಿಷ್ ಪುಸ್ತಕದ ಎರಡು ಪುಟ ಓದಿ, ಅದರ ಸಾರವನ್ನು ಇಂಗ್ಲಿಷಿನಲ್ಲೇ ಬರೆಯಿರಿ. ತಪ್ಪಾದರೆ ಆಗಲಿ, ನೋಡುವವರು ಯಾರೂ ಇಲ್ಲ. ಪುಸ್ತಕ ಕೊಳ್ಳುವುದನ್ನು ಪಠ್ಯಕ್ರಮ ಕೈಗೆ ಬರುವವರೆಗೆ ತಡೆಯಿರಿ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳು ಆಗಲೂ ಇರುತ್ತವೆ.

ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ಅದರ ಮೇಲೆ ಮೊಹರು ಬೀಳಬೇಕಾದಾಗ ಕಷ್ಟ. ವರ್ಗಾವಣೆ ಪತ್ರದ ಮೂಲಪ್ರತಿಯನ್ನು ಹೊಸ ಕಾಲೇಜು ಇಟ್ಟುಕೊಳ್ಳುತ್ತದೆ, ಅದಕ್ಕೆ ಮೊದಲು ಸ್ಕ್ಯಾನ್ ಮಾಡಿಸಿ, ನಾಲ್ಕೈದು ಜೆರಾಕ್ಸ್ ತೆಗೆಸಿಕೊಳ್ಳಿ. ನನ್ನ ವ್ಯಾಪಾರಕ್ಕೆಂದು ಹೇಳುತ್ತಿಲ್ಲ, ಯಾವ ಅಂಗಡಿಯಲ್ಲಾದರೂ ತೆಗೆಸಿ.